ಹೆಂಗಸರ ಗೇಟಿನ ಚಿಕ್ಕಬಸಮ್ಮ

"ನೋಡು ದೊಡ್ಡವ್ವ, ಆ ಕೆಟ್ಟ ಪಿಚ್ಚರ್‌ಗಳು ಓಡೋ ಕಾಲದಲ್ಲೂ ನಾನು ಆ ಟಾಕೀಸಲ್ಲೇ ಗೇಟ್ ಕಾಯ್ತಿದ್ದೆ. ಆದ್ರೆ ಒಂದು ಪಿಚ್ಚರ್ನೂ ನೋಡ್ನಿಲ್ಲ ಅಂದ್ರೆ ಯಾರೂ ನಂಬಾಕಿಲ್ಲ. ನಂಬ್ದಿದ್ರೆ ಬುಡು. ನಮ್ಮ ಹೆಂಗಸ್ರ ಗೇಟು ಇದ್ದುದ್ದು ಪಕ್ಕದ ಓಣಿಗೆ. ಗೇಟು ದಾಟುದ್ರೆ ದಪ್ಪನೆ ಕರೀ ಪರದೆ. ಪರದೆಯಿಂದ ಆಚ್ಗೆ ಪಿಚ್ಚರ್ ನೋಡೋರು, ಈಚ್ಗೆ ಸ್ಟೂಲ್ ಹಾಕ್ಕಂಡು ನಾನು. ಪಿಚ್ಚರ್ ಮಾತು ಕೇಳ್ಸೋದು. ಮಲಯಾಳ. ನಂಗೆಲ್ಲಿ ತಿಳೀತದೆ? ಆದ್ರೆ ಜನ ಕೇಳ್ಸೋರಲ್ಲ, ಅದು ಚೆನ್ನಾಗಿ ತಿಳಿಯೋದು. ಮೊದ್ಲ ವರ್ಷ ಹಾಲ್ ತುಂಬ ಗಂಡಸ್ರಿದ್ರೂ ಒಂದು ಕೆಮ್ಮು ಕೇಳ್ಸಾಕಿಲ್ಲ. ಬೀಡಿ ಸೇದೋನೂ ಕೆಮ್ಮಾಕಿಲ್ಲ! ಗುಡೀಲಿ ಮಂಗಳಾರತಿ ಹೊತ್ನಲ್ಲೂ ನಮ್ಮ ಜನ ಅಷ್ಟು ತೆಪ್ಪಗಿರಾಕಿಲ್ಲ. ಎರಡ್ನೇ ವರ್ಷ ಕೆಮ್ಮು ಶುರುವಾಯ್ತು. ಆಮೇಲೆ ಮಾತು. ಆಮೇಲೆ ಕಳ್ಳೇಕಾಯಿ ಸುಲಿಯೋ ಸದ್ದು. ಮೂರ್ನೇ ವರ್ಷ ಗೊರಕೆ ಕಣವ್ವ, ಗೊರಕೆ! ಬಸ್ಸು ತಪ್ಪಿಸ್ಕಂಡೋರು, ಸಂತೇಲಿ ಕುರಿ ಮಾರಿ ಬಂದೋರು, ಫ್ಯಾನಿನ ಕೆಳಗೆ ಕಾಲು ಚಾಚ್ಕಂಡು ಮಲಗ್ಬುಡೋರು. ಅಲ್ಲಿ ಪಿಚ್ಚರ್ ಹೆಂಗಸು ಪಾಪ ಏನೇನು ಪಾಡು ಪಡ್ತಿದ್ಲೋ, ಇಲ್ಲಿ ಇವ್ರು ಗೊರ್‌ಗೊರ್ ಅಂತಿದ್ರು. ಆಗ್ಲೇ ನಂಗೆ ಅನ್ನಿಸ್ತು, ಈ ಟಾಕೀಸು ಮುಳುಗ್ತದೆ ಅಂತ. ಬೈಕಂಡು ಎದ್ದೋದೋರು ನಾಳೆ ಬತ್ತಾರೆ. ಮಲೀಕ್ಕಂಡೋರು ಬರಾಕಿಲ್ಲ."

ಇಷ್ಟು ಹೇಳಿ ಚಿಕ್ಕಬಸಮ್ಮ ತನಗೇ ನಗು ಬಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಮ್ಮ ಬೀದಿಯವಳೇ ಆದರೂ ಆ ಟಾಕೀಸಿನ ವಿಷಯವನ್ನು ಅವಳು ಬಾಯಿಬಿಟ್ಟು ಹೇಳಿದ್ದು ತೀರಾ ತಡವಾಗಿ, ಎಲ್ಲ ಮುಗಿದ ಮೇಲೆ. ಒಂದೇ ದಿನ ಹೇಳಲೂ ಇಲ್ಲ. ಹುರುಳಿಕಾಯಿ ಬಿಡಿಸುವಾಗ ಒಂದಿಷ್ಟು, ನೀರಿಗೆ ನಿಂತಾಗ ಒಂದಿಷ್ಟು.

ಅವಳು ತೆರಕಣಾಂಬಿಯ ಹೆಣ್ಣು. ಗುಂಡ್ಲುಪೇಟೆಗೆ ಮದುವೆಯಾಗಿ ಬಂದಾಗ ಗಂಡ ಶಿವಮಲ್ಲು ಟಾಕೀಸಿನ ಪೋಸ್ಟರ್ ಅಂಟಿಸುತ್ತಿದ್ದ. ಸೈಕಲ್ಲಿನ ಹ್ಯಾಂಡಲ್ಲಿಗೆ ಅಂಟಿನ ಬಕೀಟು, ಹಿಂದೆ ಕ್ಯಾರಿಯರ್ ಮೇಲೆ ಸುತ್ತಿಟ್ಟ ಕಾಗದ. ಮೈದಾ ಹಿಟ್ಟು ಕದಡಿ ಅಂಟು ಕಾಯಿಸುವುದು ಇವಳ ಪಾಲು. ಒಂದು ದಿನ ಬಕೀಟು ಹೊತ್ತು ಟಾಕೀಸಿಗೆ ಹೋದಾಗ ಹಳೆಯ ಯಜಮಾನರು ನೋಡಿ, "ಹೆಂಗಸ್ರ ಗೇಟಿಗೆ ಒಬ್ಳು ಗಟ್ಟಿಗಿತ್ತಿ ಬೇಕು, ನಿಂತ್ಕತೀಯೇನಮ್ಮಿ?" ಅಂದರಂತೆ. ನಿಂತಳು. ನಿಂತವಳು ಹದಿನೈದು ವರ್ಷದ ಮೇಲೂ ಅಲ್ಲೇ ಇದ್ದಳು.

ಆಗಿನ ಹೆಂಗಸರ ಗೇಟನ್ನು ಈಗಿನವರು ಕಂಡಿಲ್ಲ. ಗಂಡಸರ ಕಡೆ ಟಿಕೆಟ್ಟಿಗೆ ಬೇರೆ ಕಿಂಡಿ, ನಮಗೆ ಬೇರೆ ಕಿಂಡಿ. ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಮಗು ಅತ್ತರೆ ಚಿಕ್ಕಬಸಮ್ಮನ ಮಡಿಲಿಗೆ ಹಾಕಿ ತಾಯಿ ಒಳಗೆ ಹೋಗಿ ತಾನೂ ಅತ್ತು ಬರುತ್ತಿದ್ದಳು. ಶುಕ್ರವಾರ ಯಜಮಾನರ ಹೆಂಡತಿ ಶಾಂತಮಲ್ಲಮ್ಮನವರು ಬಂದು ಬಿಳೀ ಪರದೆಗೆ ಕರ್ಪೂರ ಬೆಳಗಿ ಕಾಯಿ ಒಡೆಸುತ್ತಿದ್ದರು. ಆ ಕಾಯಿಯ ಒಂದು ಹೋಳು ಗೇಟಿನವಳಿಗೆ.

ಯಜಮಾನರು ತೀರಿಕೊಂಡರು. ಮನೆಮನೆಗೆ ಕೇಬಲ್ ಬಂತು. ಹೆಂಗಸರು ಮನೆಯಲ್ಲೇ ಕುಳಿತು ಅಳಲು ಕಲಿತರು. ಮಗ ಸೋಮೇಶನ ಕೈಗೆ ಬರುವ ಹೊತ್ತಿಗೆ ಟಾಕೀಸು ಅರ್ಧಕ್ಕರ್ಧ ಖಾಲಿ. ಆಗ ಮಾದೇಶ ಬಂದ. ಚಾಮರಾಜನಗರದವನು, ಹಂಚಿಕೆದಾರರ ಕಡೆಯಿಂದ ರೀಲಿನ ಡಬ್ಬ ತಂದು, ಪಿಚ್ಚರ್ ಇರುವಷ್ಟು ದಿನ ಇಲ್ಲೇ ಉಳಿದು, ಕಲೆಕ್ಷನ್ ನೋಡಿ ಡಬ್ಬ ಹೊತ್ತುಕೊಂಡು ಹೋಗುವವನು. ಅವನು ತಂದ ಮೊದಲ ಮಲಯಾಳದ ಡಬ್ಬಕ್ಕೆ ಗೇಟು ಮುರಿಯುವಷ್ಟು ಜನ. ಸಂತೆಯ ದಿನ ಸುತ್ತಲ ಹಳ್ಳಿಗಳ ಗಂಡಸರೆಲ್ಲ ಟವಲನ್ನು ಮುಖದ ಮೇಲೆ ಎಳೆದುಕೊಂಡು ಬಂದರು. ಒಬ್ಬರನ್ನೊಬ್ಬರು ನೋಡಿದರೂ ನೋಡದವರ ಹಾಗೆ. ಎರಡು ಸಾವಿರದ ಒಂದನೇ ಇಸವಿ ಅದು.

ಶಾಂತಮಲ್ಲಮ್ಮನವರು ಪರದೆ ಪೂಜೆ ನಿಲ್ಲಿಸಿ, ಮಗನಿಗೆ ಒಂದೇ ಮಾತು ಹೇಳಿದರಂತೆ. "ನಿನ್ನ ಹೊಟ್ಟೆಪಾಡು, ನೀ ನೋಡ್ಕೊ. ನಿಮ್ಮಪ್ಪ ಇಟ್ಟ ಆಳುಗಳ್ನ ಮಾತ್ರ ತೆಗೀಬ್ಯಾಡ." ಹಾಗಾಗಿ ಚಿಕ್ಕಬಸಮ್ಮ ಉಳಿದಳು. ಒಬ್ಬ ಹೆಂಗಸೂ ಬಾರದ ಹೆಂಗಸರ ಗೇಟಿನಲ್ಲಿ ದಿನವೂ ಸ್ಟೂಲ್ ಹಾಕಿ ಕುಳಿತು, ಹುಣಸೆಹಣ್ಣು ಬಿಡಿಸಿ ಕೊಡುವ ಕೂಲಿ ಹಿಡಿದಳು.

"ಒಂದ್ಸಲನಾದ್ರೂ ಪರದೆ ಸರಿಸಿ ನೋಡ್ಲಿಲ್ವೇನೆ?" ಎಂದು ನಾನು ಕೇಳಿದ್ದಕ್ಕೆ, "ನೋಡ್ದೆ," ಅಂದಳು. "ಆದ್ರೆ ಪಿಚ್ಚರ್ ಕಡೀಕೆ ಅಲ್ಲ. ನೋಡೋರ ಮೊಕ ಎಂಗಿರ್ತದೆ ಅಂತ ನೋಡ್ದೆ. ಕೆಟ್ಟ ಮೊಕ ಇರ್ತದೆ ಅನ್ಕಂಡಿದ್ದೆ. ಇಲ್ಲ ಕಣವ್ವ. ಬಸ್ಸಿಗೆ ಕಾಯೋರ ಮೊಕ. ಬತ್ತದೆ, ಈಗ್ಬತ್ತದೆ ಅನ್ನಂಗೆ. ಅದೇನು ಬರ್ಬೇಕಿತ್ತೋ, ಯಾರಿಗೂ ಬಂದಂಗೆ ಕಾಣ್ನಿಲ್ಲ."

ಮಾದೇಶ ಮಧ್ಯಾಹ್ನ ಹೆಂಗಸರ ಗೇಟಿನ ನೆರಳಲ್ಲೇ ಬುತ್ತಿ ಬಿಚ್ಚುತ್ತಿದ್ದ. ಚಿಕ್ಕಬಸಮ್ಮನ ಉಪ್ಪಿನಕಾಯಿಗೆ ಅವನು ಸೋತಿದ್ದ. ಮೂರನೇ ವರ್ಷ ಗೊರಕೆ ಶುರುವಾದಾಗ ಅವಳು ಕೇಳಿಯೇಬಿಟ್ಟಳು.

"ಅಲ್ಲ ಮಾದೇಶಣ್ಣ, ಅಂಗೆ ಮುಗಿಬೀಳ್ತಿದ್ದೋರು ಯಾಕೆ ಬರಾಕಿಲ್ಲ? ಆಸೆ ತೀರೋಯ್ತಾ?"

"ಆಸೆ ತೀರಾಕಿಲ್ಲ ಚಿಕ್ಕಬಸಕ್ಕ. ನಿಮ್ಮೂರಲ್ಲಿ ಟೊಮೇಟೊ ಎಂಗೆ? ಒಬ್ಬ ಹಾಕ್ದ, ನಾಕು ಕಾಸು ಕಂಡ. ಮುಂದಿನ ಸಲ?"

"ಊರೆಲ್ಲ ಟೊಮೇಟೊ."

"ಆಮೇಲೆ?"

"ಕೀಳೋ ಕೂಲಿನೂ ಗಿಟ್ಟಾಕಿಲ್ಲ ಅಂತ ರಸ್ತೆಗೆ ಸುರೀತಾರೆ."

"ಇದೂ ಅಂಗೇಯ. ಮೊದ್ಲು ವರ್ಷಕ್ಕೆ ಕೇರಳದಲ್ಲಿ ಬೆರಳಲ್ಲಿ ಎಣಿಸೋ ಅಷ್ಟು ಪಿಚ್ಚರ್ ತೆಗೀತಿದ್ರು. ದುಡ್ಡಾಗ್ತದೆ ಅಂತ ತಿಳೀತಲ್ಲ, ಮರದ ಮಂಡಿಯೋನು, ಲಾರಿ ಓನರು, ಎಲ್ರೂ ಕ್ಯಾಮ್ರಾ ಹಿಡ್ಕಂಡ್ರು. ಒಂದು ಬಂಗ್ಲೆ ಬಾಡಿಗೆಗೆ ತಕ್ಕಂಡು ಬೆಳಗ್ಗೆ ಒಂದು ಪಿಚ್ಚರು, ಮಧ್ಯಾಹ್ನ ಇನ್ನೊಂದು. ಮಂಚ ಒಂದೇ, ಬೆಡ್‌ಶೀಟ್ ಬೇರೆ. ಚಾಮರಾಜನಗರದಲ್ಲಿ ಇದೇ, ನಂಜನಗೂಡಲ್ಲಿ ಇದೇ, ನಿಮ್ಮಲ್ಲೂ ಇದೇ. ಜನ ಯಾವುದಕ್ಕಂತ ಹೋಗ್ತಾರೆ? ಹೋದ ವಾರ ಬಂದ ಡಬ್ಬ, ಈ ವಾರ ಬಂದ ಡಬ್ಬ, ಹೆಸ್ರು ಬೇರೆ, ಒಳಗಿರೋ ರೀಲು ಒಂದೇ ಕಣಕ್ಕ! ಮೊನ್ನೆ ಒಬ್ಬ ನನ್ನ ಕೊರಳಪಟ್ಟಿಗೇ ಕೈ ಹಾಕ್ದ. ಇದ್ನ ನಾನು ನಂಜನಗೂಡಲ್ಲಿ ನೋಡಿವ್ನಿ, ಕಾಸು ವಾಪಸ್ ಕೊಡು ಅಂತ."

"ನೋಡಿವ್ನಿ ಅಂತ ಎಲ್ರ ಮುಂದ್ಲೂ ಕೂಗುದ್ನಾ? ಮೊದ್ಲು ಟವಲ್ ಹೊದ್ಕಂಡು ಬರ್ತಿದ್ರು!"

"ಈಗ ಟವಲ್ಲೂ ಇಲ್ಲ, ನಾಚ್ಕೆನೂ ಇಲ್ಲ. ನಾಚ್ಕೆ ಹೋಯ್ತಲ್ಲ, ಅಲ್ಲೇ ವ್ಯಾಪಾರ್ವೂ ಹೋಯ್ತು. ಇದ್ರ ಮೇಲೆ ಸೀಡಿ ಬೇರೆ. ಮೈಸೂರು ಬಸ್‌ಸ್ಟ್ಯಾಂಡಲ್ಲಿ ಕೊಡೆ ಕೆಳಗೆ ಇಟ್ಕಂಡು ಒಂದು ಟಿಕೆಟ್ ಕಾಸಿಗೆ ಒಂದು ಸೀಡಿ ಮಾರ್ತಾವ್ರೆ."

ಚಿಕ್ಕಬಸಮ್ಮ ಹುಣಸೆಬೀಜ ಬೇರೆ ಮಾಡುತ್ತಾ, "ಆ ಹೆಂಗಸ್ರಿಗೆ ಏನು ಕೊಡ್ತಾರೆ?" ಎಂದಳು.

"ಮೊದ್ಲು ಒಬ್ಬೊಬ್ಳು ಇಷ್ಟು ಕೊಟ್ರೆ ಬತ್ತೀನಿ ಅಂತ ಗತ್ತಾಗಿ ಹೇಳ್ತಿದ್ಲು. ಈಗ ದಿನಗೂಲಿ. ನಾ ಒಲ್ಲೆ ಅಂದ್ರೆ ಬಾಗ್ಲಲ್ಲಿ ಹತ್ತು ಜನ ನಿಂತವ್ರೆ. ಕೆಲವ್ರ ಫೋಟೊ ಪೋಸ್ಟರ್‌ನಾಗೆ ಇರ್ತದೆ, ಪಿಚ್ಚರ್‌ನಾಗೆ ಅವ್ರೇ ಇರಾಕಿಲ್ಲ. ಫೋಟೊಕ್ಕೆ ಕಾಸೂ ಇಲ್ಲ."

"ಊಟ ಹಾಕ್ತಾರಾ?"

ಮಾದೇಶ ಕೈಯಲ್ಲಿದ್ದ ತುತ್ತು ಬಿಟ್ಟು ಅವಳ ಮುಖ ನೋಡಿದನಂತೆ. "ಇಷ್ಟು ವರ್ಷದಲ್ಲಿ ಯಾರೂ ನನ್ನ ಅದ್ನ ಕೇಳ್ಲಿಲ್ಲ ಕಣಕ್ಕ. ಹಾಕ್ತಾರೆ. ಪೊಟ್ಟಣದ ಅನ್ನ."

ಎರಡು ಸಾವಿರದ ಮೂರರ ಕಾರ್ತಿಕ ಬಂತು. ನಮ್ಮ ಗುಂಡ್ಲುಪೇಟೆ ಕೇರಳದ ದಾರಿಯಲ್ಲಿರುವುದರಿಂದ ಕಾರ್ತಿಕ ಎಂದರೆ ಅಯ್ಯಪ್ಪನ ಮಾಲೆಯ ಕಾಲ. ಬೀದಿಯಲ್ಲೆಲ್ಲ ಕಪ್ಪುಪಂಚೆ, ಕೊರಳಲ್ಲಿ ತುಳಸಿಮಣಿ. ಮಾಲೆ ಹಾಕಿದವರು ಬರಿಗಾಲಲ್ಲಿ ನಡೆದು, ತಣ್ಣೀರು ಸ್ನಾನ ಮಾಡಿ, ಹೆಂಗಸರ ನೆರಳಿಂದಲೂ ದೂರ ಇರುವವರು. ಅವರು ಆ ಪಿಚ್ಚರಿಗೆ ಬರುವುದುಂಟೆ? ಟಾಕೀಸಿನ ಮುಂದಿನ ಸಾಲಿಗೆ ಕುಳಿತುಕೊಳ್ಳುತ್ತಿದ್ದ ಹರೆಯದವರೆಲ್ಲ ಆ ಸಲ ಮಾಲೆ ಹಾಕಿಬಿಟ್ಟಿದ್ದರು. ಶಿವಮಲ್ಲುವೂ ಹಾಕಿದ. ಸಂಕ್ರಾಂತಿಯವರೆಗೆ ಆ ಪೋಸ್ಟರ್ ಮುಟ್ಟುವಂತಿಲ್ಲ ಎಂದು ಅವನಿಗೆ ಒಳಗೊಳಗೇ ಖುಷಿ. ಅಂಟು ಒಣಗುವವರೆಗೆ ಆ ಹೆಂಗಸಿನ ಮುಖ ಸವರುತ್ತಾ ನಿಲ್ಲುವುದು ತನಗೆ ಎಂದೂ ಸೇರಿರಲಿಲ್ಲ ಎಂದ.

ಒಂದು ಬೆಳಗ್ಗೆ ಸೋಮೇಶ ಗೇಟಿಗೆ ಬಂದು ಗೋಡೆಯನ್ನೇ ನೋಡುತ್ತಾ ಮಾತಾಡಿದ.

"ಚಿಕ್ಕಬಸಕ್ಕ, ಬೇಜಾರು ಮಾಡ್ಕಬ್ಯಾಡ. ಸಂಕ್ರಾಂತಿ ಆದ್ಮೇಲೆ ಈ ಗೇಟ್ಗೆ ಗೋಡೆ ಕಟ್ಟಿಸ್ಬುಡ್ತೀನಿ. ಓಣಿನ ಸೀಡಿ ಅಂಗ್ಡಿಗೆ ಬಾಡಿಗೆಗೆ ಕೇಳ್ತಾವ್ರೆ."

"ನಾನು?"

ಸೋಮೇಶ ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದ.

"ಸೋಮಣ್ಣ, ಮಾಲೆ ಕಾಲ್ದಲ್ಲಿ ಎಂಗೂ ಖಾಲಿ ಹೊಡೀತಾ ಅದೆ. ಒಂದು ಆಟ ನಂಗೆ ಕೊಡು. ಒಳ್ಳೆ ಸಂಸಾರದ ಪಿಚ್ಚರ್ ತರ್ಸು. ಹೆಂಗಸ್ರು ಬಂದ್ರೆ ಗೇಟು ಇರ್ಲಿ. ಬರ್ದಿದ್ರೆ ನಾನೇ ಇಟ್ಟಿಗೆ ಹೊತ್ಕೊಡ್ತೀನಿ."

ಸೋಮೇಶ ನಕ್ಕ. ಆದರೂ ಮಾದೇಶನಿಗೆ ಹೇಳಿ ಒಂದು ಹಳೆಯ ಅಣ್ಣ–ತಂಗಿ ಪಿಚ್ಚರಿನ ಡಬ್ಬ ತರಿಸಲು ಒಪ್ಪಿದ. ಶುಕ್ರವಾರದ ಮಧ್ಯಾಹ್ನದ ಆಟ, ಒಂದೇ ಒಂದು.

ಆ ಒಂದು ಆಟದ ಮೇಲೆ ಚಿಕ್ಕಬಸಮ್ಮನ ಬದುಕು ನಿಂತಿತು. ಮಾಲೆ ಹಾಕುವ ಮೊದಲೇ ಗಂಡನಿಗೆ ಪೋಸ್ಟರ್ ಅಂಟಿಸುವ ಕೆಲಸವೂ ವಾರಕ್ಕೆ ಒಂದು ದಿನಕ್ಕೆ ಇಳಿದಿತ್ತು. ಅವಳು ಬೀದಿಬೀದಿಯಲ್ಲಿ ಹೇಳಿಕೊಂಡು ಬಂದಳು. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು.

"ಆ ಸೀಟಿನ ಮ್ಯಾಲೆ ನಾವು ಕೂತ್ಕಬೇಕಾ? ಥೂ!"

ಚಿಕ್ಕಬಸಮ್ಮ ವಾದ ಮಾಡಲಿಲ್ಲ. ಮಾಲೆ ಹಾಕಿದ ಗಂಡನನ್ನೇ ಕರೆದುಕೊಂಡು ಹೋಗಿ ಒಂದೊಂದು ಕುರ್ಚಿಯನ್ನೂ ಸೋಪಿನ ಪುಡಿಯಲ್ಲಿ ಉಜ್ಜಿದಳು. ಬೀಡಿಯ ತುಂಡು, ಎಲೆಯಡಿಕೆಯ ಕಲೆ, ಏನೇನೋ. ನೆಲಕ್ಕೆಲ್ಲ ಗಂಜಲ ಚಿಮುಕಿಸಿ, ಸಾಂಬ್ರಾಣಿ ಹಾಕಿ, ಬಾಗಿಲುಗಳನ್ನೆಲ್ಲ ತೆರೆದಿಟ್ಟಳು. ಶಿವಮಲ್ಲು "ಸ್ವಾಮಿಯೇ ಶರಣಂ" ಅನ್ನುತ್ತಲೇ ಬಾಲ್ಕನಿ ಗುಡಿಸಿದನಂತೆ.

ಅಷ್ಟಾದರೂ ಹೆಂಗಸರು ಬರುವೆವು ಅನ್ನಲಿಲ್ಲ. ಅವಳಿಗೆ ಆಶ್ಚರ್ಯ. ಸೀಟು ತೊಳೆದಾಯಿತು, ಇನ್ನೇನು ಅಡ್ಡಿ? ಕುಳಿತು ಯೋಚಿಸಿದಳು. ಅಡ್ಡಿ ಸೀಟಿನದಲ್ಲ. ನಾಳೆ ಯಾರಾದರೂ "ಏನಮ್ಮಿ, ಆ ಟಾಕೀಸಿಗೆ ಹೋಗಿದ್ದೆಯಂತೆ" ಎಂದರೆ ಕೊಡಲು ಒಂದು ಉತ್ತರ ಬೇಕು. ತಾವಾಗಿಯೇ ಹೋದದ್ದು ಎಂದಾಗಬಾರದು. ಕರೆದರು, ಅದಕ್ಕೆ ಹೋದೆ ಎಂದಾಗಬೇಕು.

ಅವಳು ಅರಿಶಿನ–ಕುಂಕುಮದ ಭರಣಿ ತೆಗೆದುಕೊಂಡು, ತಲೆಗೆ ಹೂವು ಮುಡಿದು, ಮದುವೆಗೆ ಕರೆಯುವಂತೆ ಮನೆಮನೆಗೆ ಹೊರಟಳು. ಮೊದಲು ದೊಡ್ಡಮಲ್ಲಮ್ಮನವರ ಮನೆ. ಬೀದಿಗೇ ಹಿರಿಯ ಮುತ್ತೈದೆ, ಆಕೆ ಬಂದರೆ ಎಲ್ಲರೂ ಬಂದಂತೆ. ಆಕೆ ಹಣೆ ಒಡ್ಡಿ ಕುಂಕುಮ ಇಡಿಸಿಕೊಂಡ ಮೇಲೆ ಕೇಳಿದರು.

"ಯಾರ ಮನೇದಮ್ಮಿ? ಸೀಮಂತವಾ, ನಾಮಕರಣವಾ?"

"ಟಾಕೀಸಿಂದು ಕಣವ್ವ. ಶುಕ್ರವಾರ ಮಧ್ಯಾಹ್ನ."

"ಟಾಕೀಸಿಗೆ ಎಷ್ಟು ತಿಂಗಳು?"

ಒಳಗಿದ್ದ ಸೊಸೆಯರೆಲ್ಲ ಕಿಸಕ್ಕೆಂದರು. ಚಿಕ್ಕಬಸಮ್ಮ ನಗಲಿಲ್ಲ. "ಬತ್ತೀರಲ್ಲವ್ವ?"

"ಕುಂಕುಮ ಇಡ್ಸಿಕಂಡ್ಬುಟ್ನಲ್ಲ ಮುಂಡೇದೆ! ಬರ್ದೆ ಇದ್ರೆ ಆಯ್ತದಾ? ಮೊದ್ಲೇ ಹೇಳಿದ್ರೆ ಹಣೆ ಹಿಂದಕ್ಕೆ ತಕ್ಕತಿದ್ದೆ."

ಹೀಗೆ ಎಲ್ಲ ಮನೆಗಳಲ್ಲೂ ಮೊದಲು ಕುಂಕುಮ, ಆಮೇಲೆ ವಿಷಯ. ಕೊನೆಗೆ ಶಾಂತಮಲ್ಲಮ್ಮನವರ ಮನೆಗೂ ಹೋದಳು. ಆಕೆ ಗಂಡ ಹೋದವರು, ಕುಂಕುಮದ ಮಾತಿಲ್ಲ. ಕಾಲು ಮುಟ್ಟಿ, "ಅಮ್ಮಾವ್ರೇ, ನಿಮ್ಮ ಟಾಕೀಸು, ನೀವೇ ಬಾಗ್ಲು ತಗೀಬೇಕು" ಅಂದಳು. ಆಕೆ ಎದ್ದು ದೇವರ ಕೋಣೆಗೆ ಹೋದರು.

ಶುಕ್ರವಾರ ಬಂತು. ಓಣಿಯ ತುಂಬ ರೇಷ್ಮೆ ಸೀರೆ! ಕನಕಾಂಬರ, ಸೇವಂತಿಗೆ, ಬಳೆಯ ಸದ್ದು. ಮಕ್ಕಳಿಗೆ ಹೊಸ ಅಂಗಿ. ಚಿಕ್ಕಬಸಮ್ಮನ ಗೇಟು ಸಾಲದಾಯಿತು. ಅವಳು ಒಬ್ಬೊಬ್ಬರ ಕೈ ಹಿಡಿದು ಒಳಗೆ ಬಿಡುತ್ತಿದ್ದಳು. ಕಣ್ಣಲ್ಲಿ ನೀರು ಬಂದಿತ್ತಂತೆ. ಹೆಂಗಸರೆಲ್ಲ ಕುಳಿತಾಯಿತು. ಆಗ ಟಿಕೆಟ್ ಕಿಂಡಿಯಲ್ಲಿದ್ದ ಸೋಮೇಶ ಕೆಂಪಗಾಗಿ ಬಂದ.

"ಚಿಕ್ಕಬಸಕ್ಕ, ಒಂದು ಟಿಕೆಟ್ಟೂ ಹರಿದಿಲ್ಲ. ಹಾಲ್ ತುಂಬೋಗದೆ!"

ಚಿಕ್ಕಬಸಮ್ಮನಿಗೆ ಆಗ ಹೊಳೆಯಿತು. ಕುಂಕುಮ ಇಟ್ಟು ಕರೆದವಳು ತಾನು. ಕುಂಕುಮ ಇಟ್ಟು ಕರೆದವರ ಹತ್ತಿರ ಕಾಸು ಕೇಳುವ ಸಂಪ್ರದಾಯ ಯಾವ ಊರಲ್ಲಿದೆ?

ಸೋಮೇಶ ಒಳಗೆ ನುಗ್ಗಿ, ಕೈ ಮುಗಿದು, "ಅವ್ವಂದಿರಾ, ದಯಮಾಡಿ ಎಲ್ರೂ ಟಿಕೆಟ್ ತಕ್ಕಳಿ" ಅಂದ.

ದೊಡ್ಡಮಲ್ಲಮ್ಮನವರು ಕುಳಿತಲ್ಲಿಂದಲೇ, "ಯಾಕಪ್ಪ? ಕುಂಕುಮ ಕೊಟ್ಟು ಕರ್ಸಿ ಕಾಸು ಕೇಳೀಯಾ? ನಿಮ್ಮಪ್ಪ ಎಂಥೋರು, ನೀನೇನು ಹಿಂಗಾದೆ?" ಅಂದರು.

"ಇದು ಮದ್ವೆ ಅಲ್ಲ ಅವ್ವ, ಪಿಚ್ಚರು!"

"ಮದ್ವೆ ಆಗಿದ್ರೆ ಮುಯ್ಯಿನಾದ್ರೂ ಮಾಡ್ತಿದ್ವಿ. ಯಾರ ಕೈಗೆ ಮಾಡನ? ಹಸೆ ಮ್ಯಾಲೆ ಯಾರ್ನೂ ಕೂರ್ಸಿಲ್ವಲ್ಲ ನೀನು. ಹೋಗ್ಲಿ, ನೀನೇ ಬಂದು ಕೂತ್ಕ, ಆರತಿ ಎತ್ತೀವಿ."

ಹಾಲೆಲ್ಲ ನಗೆ. ಸೋಮೇಶ ಚಿಕ್ಕಬಸಮ್ಮನ ಕಡೆ ತಿರುಗಿ ಏನೋ ಅನ್ನುವಷ್ಟರಲ್ಲಿ ಹೆಂಗಸರ ಗೇಟಿನ ಪರದೆ ಸರಿಯಿತು. ಶಾಂತಮಲ್ಲಮ್ಮನವರು ಕೈಯಲ್ಲಿ ಕಾಯಿ, ಕರ್ಪೂರ ಹಿಡಿದು ನಿಂತಿದ್ದರು. ಮಗನನ್ನು ದಾಟಿಕೊಂಡು ನೇರ ಬಿಳೀ ಪರದೆಯ ಮುಂದೆ ಹೋಗಿ ದೀಪ ಬೆಳಗಿದರು. ಆ ಹೊತ್ತಿಗೆ ಯಾವ ಮಗ ಟಿಕೆಟ್ಟಿನ ಮಾತೆತ್ತುತ್ತಾನೆ? ಸೋಮೇಶ ಮೇಲಕ್ಕೆ ನೋಡಿ ಆಪರೇಟರಿಗೆ ಕೈ ಬೀಸಿದ. ಆಟ ಶುರುವಾಯಿತು.

ಅಂದು ಮೂರು ಗಂಟೆ ಹೆಂಗಸರು ಮಾತಾಡಿದರು, ಮಕ್ಕಳು ಅತ್ತವು, ತಂಗಿ ಅಳುವಾಗ ಎಲ್ಲರೂ ಅತ್ತರು. ಅಣ್ಣನ ಹೆಂಡತಿಗೆ ಬಾಯಿತುಂಬ ಬೈದರು. ಮುಗಿದ ಮೇಲೂ ಯಾರೂ ಏಳಲಿಲ್ಲ. ಯಾಕೆಂದರೆ ತಾಂಬೂಲ ಕೊಟ್ಟಿರಲಿಲ್ಲ. ಕಡೆಗೆ ಸೋಮೇಶನೇ ಪೇಟೆಗೆ ಓಡಿ ಎಲೆಯಡಿಕೆ, ಬಾಳೆಹಣ್ಣು ತಂದ. ಅವನ ತಾಯಿ ಕುಳಿತು ಹಂಚಿಸಿದರು.

ಜನ ಹೋದ ಮೇಲೆ ಸೋಮೇಶ ಚಿಕ್ಕಬಸಮ್ಮನಿಗೆ ಬೈಯಲಿಲ್ಲ. ಅದೇ ಅವಳಿಗೆ ಹೆಚ್ಚು ನೋವಾಯಿತಂತೆ. "ಅಕ್ಕ, ಹೆಂಗಸ್ರನ್ನ ತಂದೆ. ಆದ್ರೆ ನನ್ನ ಮುಳುಗಿಸ್ದೆ. ಸಂಕ್ರಾಂತಿ ಆದ್ಮೇಲೆ ಕೆಲ್ಸಕ್ಕೆ ಬರಾದು ಬ್ಯಾಡ" ಎಂದಷ್ಟೇ ಹೇಳಿದ. ಅವಳು ತಲೆ ತಗ್ಗಿಸಿ ಗೇಟು ಎಳೆದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ದೊಡ್ಡಮಲ್ಲಮ್ಮನವರು ಚಪ್ಪಲಿ ಹುಡುಕುತ್ತಾ ಹಿಂದಕ್ಕೆ ಬಂದರು.

"ಸೋಮಣ್ಣ, ಒಳಗೆ ಎಷ್ಟು ಜಾಗ ಅದೆ ಕಣಪ್ಪ! ಮಾಘದಲ್ಲಿ ಮೊಮ್ಮಗಳ ಸೀಮಂತ. ಛತ್ರಗಳೆಲ್ಲ ಮದ್ವೆಗೆ ತುಂಬೋಗವೆ. ಮುಂದ್ಗಡೆ ಆ ಬೆಂಚುಗಳ್ನ ತಗ್ದು ಕೊಟ್ಟೀಯಾ? ಬಾಡಿಗೆ ಎಷ್ಟಂತ ಹೇಳ್ಬುಡು. ಇದಕ್ಕೆ ಕಾಸು ಕೊಟ್ಟೇ ಕೊಡ್ತೀನಿ, ಕುಂಕುಮದ ಕತೆ ಬ್ಯಾಡ."

ಸೋಮೇಶ ತಾಯಿಯ ಮುಖ ನೋಡಿದ. ತಾಯಿ ಮಗನ ಮುಖ ನೋಡಲಿಲ್ಲ, ಹಾಲಿನ ಸೂರು ನೋಡುತ್ತಿದ್ದರು.

ಸಂಕ್ರಾಂತಿ ಕಳೆಯಿತು. ಮಾಲೆ ತೆಗೆದ ಗಂಡಸರು ಟಾಕೀಸಿಗೆ ಮರಳಿ ಬರಲಿಲ್ಲ. ಅಷ್ಟರಲ್ಲಿ ಸೀಡಿ ಎಲ್ಲರ ಮನೆ ಬೀರುವಿನ ಬಟ್ಟೆ ಕೆಳಗೆ ಸೇರಿತ್ತು. ಮಾದೇಶ ಎರಡು ಡಬ್ಬ ತಂದ, ಎರಡನ್ನೂ ಮಧ್ಯದಲ್ಲೇ ವಾಪಸ್ ಒಯ್ದ. ಆಮೇಲೆ ಚಾಮರಾಜನಗರದಲ್ಲಿ ತಾನೇ ಸೀಡಿ ಅಂಗಡಿ ಇಟ್ಟ. ಅವನ ಎದುರಿಗೆ ಇನ್ನೊಬ್ಬ ಇಟ್ಟ, ಪಕ್ಕಕ್ಕೆ ಮತ್ತೊಬ್ಬ. ನಾಲ್ಕು ವರ್ಷಕ್ಕೆ ಮೊಬೈಲಿನ ಚಿಪ್ಪಿಗೇ ಪಿಚ್ಚರ್ ತುಂಬಿಕೊಡುವವರು ಬಂದರು. ಈಗ ಬಾಗಿಲು ಹಾಕಿದ್ದಾನೆ. "ಟೊಮೇಟೊ ಹಾಕ್ತೀನಿ ಅಂತಾವ್ನೆ ಈಗ!" ಎಂದು ಚಿಕ್ಕಬಸಮ್ಮ ಹಣೆ ಚಚ್ಚಿಕೊಂಡಳು.

ದೊಡ್ಡಮಲ್ಲಮ್ಮನವರ ಮೊಮ್ಮಗಳ ಸೀಮಂತವೇ ಆ ಹಾಲಿನ ಮೊದಲ ಕಾರ್ಯ. ಟಾಕೀಸಿನ ನೆಲ ಪರದೆಯ ಕಡೆಗೆ ಇಳಿಜಾರು ಎಂಬುದನ್ನು ಯಾರೂ ಯೋಚಿಸಿರಲಿಲ್ಲ. ಪಂಕ್ತಿಯಲ್ಲಿ ಬಡಿಸಿದ ಸಾರು ಎಲೆಯಿಂದ ಎಲೆಗೆ ಹರಿದು ಮುಂದಿನ ಸಾಲಿನವರ ಪಾಯಸಕ್ಕೆ ಸೇರಿತು. ನಕ್ಕು ನಕ್ಕು ಬಸುರಿಗೆ ಹೊಟ್ಟೆ ಹಿಡಿದುಕೊಂಡಿತು. ಆ ಬೇಸಿಗೆಯಲ್ಲಿ ಸೋಮೇಶ ಕುರ್ಚಿಗಳನ್ನು ಮಾರಿ, ಆ ಕಾಸಿನಲ್ಲಿ ಮಣ್ಣು ತುಂಬಿಸಿ ನೆಲ ಸಮ ಮಾಡಿಸಿದ. ತಂದೆಯ ಹೆಸರಿನ ಕಲ್ಯಾಣ ಮಂಟಪವಾಯಿತು. ಪಕ್ಕದ ಓಣಿಗೆ ಗೋಡೆ ಬರಲಿಲ್ಲ. ಅಡುಗೆಮನೆ ಅಲ್ಲೇ ಕಟ್ಟಿಸಿದ್ದರಿಂದ ಸೌದೆ, ನೀರು, ತರಕಾರಿ ಎಲ್ಲ ಹೆಂಗಸರ ಗೇಟಿನಲ್ಲೇ ಬರಬೇಕು. ಅದರ ಬೀಗದ ಕೈ ಚಿಕ್ಕಬಸಮ್ಮನ ಸೊಂಟದಲ್ಲಿದೆ. ಪಾತ್ರೆಗಳ ಜವಾಬ್ದಾರಿಯೂ ಅವಳದೇ. ಶಿವಮಲ್ಲು ಈಗ ಚಪ್ಪರದ ಬಾಳೆಕಂಬ ಕಟ್ಟುತ್ತಾನೆ.

"ಗೇಟು ಉಳೀತಲ್ಲೇ" ಅಂದೆ.

"ಉಳೀತು. ಗೇಟ್ ಕಾಯೋ ಕೆಲ್ಸ ಮಾತ್ರ ಹೋಯ್ತು. ಪಾತ್ರೆ ಒಳಗೆ ಬಿಡಾಕೆ ಟಿಕೆಟ್ ಕೇಳ್ತಾರಾ? ಆದ್ರೂ ದೊಡ್ಡವ್ವ, ಒಂದೊಂದ್ಸಲ ಯೋಚ್ನೆ ಬತ್ತದೆ. ಆ ಪಿಚ್ಚರ್ ಹೆಂಗಸ್ರು ಈಗ ಏನು ಮಾಡ್ತಾವ್ರೋ. ಟೊಮೇಟೊ ಆದ್ರೆ ರಸ್ತೆಗೆ ಸುರೀಬೋದು. ದನನಾದ್ರೂ ತಿಂತವೆ."

ಹಿಂದಿನ ದಿನದ ಮದುವೆಯ ಅನ್ನದ ಕೊಪ್ಪರಿಗೆ ಓಣಿಯಲ್ಲಿ ನೆನೆದಿತ್ತು. ಚಿಕ್ಕಬಸಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ತೆಂಗಿನ ನಾರಿಗೆ ಬೂದಿ ಮೆತ್ತಿಕೊಂಡು, ತಲೆ ಒಳಗೆ ಹಾಕಿ ತಳಕ್ಕೆ ಹತ್ತಿದ ಸೀಕನ್ನು ಉಜ್ಜತೊಡಗಿದಳು.